ಹೆಸರಿಲ್ಲದ ನಾದಶಿಲ್ಪಿ: ಡೀಲಿಯಾ ಡರ್ಬಿಷೈರ್

1964ನೆಯ ಇಸವಿ ಜನವರಿ 5ರಂದು ಬಿ.ಬಿ.ಸಿ.ಯ ಥರ್ಡ್ ಪ್ರೋಗ್ರಾಂ ವಾಹಿನಿಯಲ್ಲಿ ಇಂಗ್ಲೆಂಡಿನ ಶ್ರೋತೃಗಳು ವಿಲಕ್ಷಣವಾದ ಒಂದು ಕೃತಿಯನ್ನು ಕೇಳಿದರು. ಅದರ ಹೆಸರು 'ಕನಸುಗಳು' ಎಂದು. ಯಾರೋ ಸಾಮಾನ್ಯ ಜನರು, ಗಂಡಸರು ಹೆಂಗಸರು, ತಾವು ನಿದ್ದೆಯಲ್ಲಿ ಕಂಡದ್ದನ್ನು ತಮ್ಮ ತಮ್ಮ ಆಡುಮಾತಿನಲ್ಲಿ ಹೇಳಿಕೊಳ್ಳುತ್ತಿದ್ದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಮಾತು ಬಂದು ಸೇರುತ್ತಿತ್ತು; ಒಮ್ಮೆ ಬಂದು ಹೋದ ನುಡಿ ಮತ್ತೆ ಮರಳಿ ಬಂದು ಪಲ್ಲವಿಯಂತೆ ನಿಲ್ಲುತ್ತಿತ್ತು. ಈ ಮಾತುಗಳ ಕೆಳಗೆ, ಯಾವ ವಾದ್ಯದಿಂದಲೂ ಹುಟ್ಟಿದುದೆಂದು ಹೇಳಲಾಗದ ಒಂದು ನಾದ, ನೀರಿನ ಅಡಿಯ ಬೆಳಕಿನಂತೆ ಅಲುಗಾಡುತ್ತಿತ್ತು. ಕೃತಿಯ ಕರ್ತೃವೆಂದು ಹೆಸರು ಬಂದದ್ದು ಬ್ಯಾರಿ ಬರ್ಮಾಂಜ್ ಎಂಬ ನಾಟಕಕಾರನದು. ನಾದದ ಬಗ್ಗೆ ಹೇಳಿದ್ದು ಇಷ್ಟೇ: ಅದು ಬಿ.ಬಿ.ಸಿ.ಯ ರೇಡಿಯೋಫಾನಿಕ್ ವರ್ಕ್‌ಷಾಪಿನ ಕೆಲಸ. ಆ ಕೆಲಸವನ್ನು ಮಾಡಿದ್ದು ಇಪ್ಪತ್ತಾರು ವರ್ಷದ ಒಬ್ಬ ತರುಣಿ. ಆಕೆಯೇ ಡೀಲಿಯಾ ಡರ್ಬಿಷೈರ್.

ಕಾವ್ಯವನ್ನು ಬೋಧಿಸುವುದು ನನ್ನ ವೃತ್ತಿ. ಕೃತಿಗೆ ಕರ್ತೃ ಯಾರು ಎಂಬ ಪ್ರಶ್ನೆ ನಮ್ಮ ತರಗತಿಗಳಲ್ಲಿ ಏಳದ ವರ್ಷವಿಲ್ಲ. ಬೀಸುವ ಕಲ್ಲಿನ ಹಾಡನ್ನು ಸಂಗ್ರಹಿಸಿದವರ ಹೆಸರು ಪುಸ್ತಕದ ಮೇಲಿರುತ್ತದೆ. ಹಾಡಿದವಳ ಹೆಸರು ಎಷ್ಟೋ ವೇಳೆ ಒಳಗೂ ಇರುವುದಿಲ್ಲ. ಡೀಲಿಯಾ ಅವರ ಜೀವನವನ್ನು ಓದುತ್ತ ಹೋದಂತೆ ಈ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ನನ್ನ ಎದುರಿಗೆ ಬಂದು ನಿಂತಿತು. ಇನ್ನೊಬ್ಬನ ರಾಗವನ್ನೋ ಇನ್ನೊಬ್ಬರ ಮಾತನ್ನೋ ತೆಗೆದುಕೊಂಡು, ಅದಕ್ಕೆ ಹಿಂದೆಂದೂ ಇಲ್ಲದ ಶರೀರವನ್ನು ಕೊಟ್ಟವರನ್ನು ಏನೆಂದು ಕರೆಯೋಣ? ಆಕೆಯ ಸಂಸ್ಥೆ ಆಕೆಯನ್ನು ಸಹಾಯಕಿ ಎಂದು ಕರೆಯಿತು. ಅದು ಸಾಲದು ಎಂದು ನನ್ನ ಅಭಿಪ್ರಾಯ.

ಡೀಲಿಯಾ ಹುಟ್ಟಿದ್ದು 1937ರ ಮೇ 5ರಂದು, ಕೈಗಾರಿಕೆಗಳ ಊರಾದ ಕವೆಂಟ್ರಿಯಲ್ಲಿ. ತಂದೆ ಲೋಹದ ತಗಡಿನ ಕೆಲಸಗಾರ. ಮನೆತನ ರೋಮನ್ ಕ್ಯಾಥೊಲಿಕ್ ಮತಕ್ಕೆ ಸೇರಿದ್ದು. ಮಗುವಿಗೆ ಮೂರೂವರೆ ವರ್ಷವಾಗಿದ್ದಾಗ, 1940ರ ನವೆಂಬರ್ 14ರ ರಾತ್ರಿ, ಜರ್ಮನ್ ವಿಮಾನಗಳು ಕವೆಂಟ್ರಿಯ ಮೇಲೆ ಬಾಂಬಿನ ಮಳೆ ಕರೆದವು. ಮಧ್ಯಯುಗದ ಮಹಾದೇವಾಲಯ ಬರಿಯ ಗೋಡೆಗಳಾಗಿ ನಿಂತಿತು. ಆ ದಿನಗಳಲ್ಲಿ ಕೇಳಿದ ಅಪಾಯ ಸೂಚನೆಯ ಸೈರನ್, ಅಪಾಯ ಕಳೆಯಿತೆಂದು ಸಾರುವ ಸೈರನ್, ಇವೆರಡೂ ಆಕೆಯ ಕಿವಿಯಲ್ಲಿ ಅಚ್ಚೊತ್ತಿದುವು. ವಿದ್ಯುನ್ಮಾನ ಸಂಗೀತದ ಮೇಲಿನ ತಮ್ಮ ಒಲವಿಗೆ ಮೂಲ ಅದೇ ಎಂದು ಅವರು ಮುಂದೆ ತಾವೇ ಹೇಳಿಕೊಂಡಿದ್ದಾರೆ. ಹುಟ್ಟಿದ ಮೂಲ ಕಣ್ಣಿಗೆ ಕಾಣದೆ, ಅರ್ಥವೂ ಪೂರಾ ತಿಳಿಯದೆ, ಆಕಾಶದಿಂದ ಇಳಿಯುವ ಶಬ್ದ. ಮಗುವಿನ ಮಟ್ಟಿಗೆ ಅದು ಶುದ್ಧ ನಾದವಾಗಿತ್ತು. ಯುದ್ಧದ ಕಾಲದಲ್ಲಿ ಮನೆಯವರು ಆಕೆಯನ್ನು ಪ್ರೆಸ್ಟನ್ ಎಂಬ ಗಿರಣಿಗಳ ಊರಿಗೆ ಕಳುಹಿಸಿದರು. ಅಲ್ಲಿ ಬೆಳಗಿನ ಜಾವ ಕೆಲಸಕ್ಕೆ ಹೋಗುವವರ ಮರದ ಪಾದುಕೆಗಳು ಕಲ್ಲು ಹಾಸಿದ ಬೀದಿಯಲ್ಲಿ ಎಬ್ಬಿಸುತ್ತಿದ್ದ ಸಪ್ಪಳವನ್ನೂ ಅವರು ಕೊನೆಯ ತನಕ ಮರೆಯಲಿಲ್ಲ. ಮನೆಯಲ್ಲಿ ಪುಸ್ತಕಗಳಿಗಿಂತ ರೇಡಿಯೋ ಅವರಿಗೆ ದೊಡ್ಡ ಗುರುವಾಯಿತು. ಪಿಯಾನೋ ಬಂದದ್ದು ತರುವಾಯ.

ಬಾರ್ಸ್ ಹಿಲ್ ಶಾಲೆಯಲ್ಲಿ ಓದಿ, ಕೇಂಬ್ರಿಜ್ಜಿನ ಗರ್ಟನ್ ಕಾಲೇಜಿಗೆ ಗಣಿತದ ವಿದ್ಯಾರ್ಥಿವೇತನವನ್ನು ಪಡೆದು ಸೇರಿದರು. ದುಡಿಯುವ ವರ್ಗದ ಹುಡುಗಿಯೊಬ್ಬಳಿಗೆ 1950ರ ದಶಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಗಣಿತದಿಂದ ಸಂಗೀತಕ್ಕೆ ತಿರುಗಿ, ಎರಡರಲ್ಲೂ ಪದವಿ ಪಡೆದು 1959ರಲ್ಲಿ ಹೊರಬಂದರು. ಸಂಗೀತದಲ್ಲಿ ಅವರು ಆರಿಸಿಕೊಂಡದ್ದು ಮಧ್ಯಯುಗ ಮತ್ತು ಆಧುನಿಕ ಯುಗದ ಚರಿತ್ರೆಯನ್ನು. ಈ ಎರಡು ತುದಿಗಳನ್ನು ಹಿಡಿದು ನಡುವಿನ ಮಹಾ ಸಿಂಫನಿಗಳ ಕಾಲವನ್ನು ಬಿಟ್ಟದ್ದು ಅವರ ಮನೋಧರ್ಮವನ್ನು ತೋರಿಸುತ್ತದೆ. ಅದೇ ವರ್ಷ ಅವರು ಡೆಕ್ಕಾ ಎಂಬ ಪ್ರಸಿದ್ಧ ಗಾನಮುದ್ರಣ ಸಂಸ್ಥೆಗೆ ಕೆಲಸ ಕೇಳಿಕೊಂಡು ಹೋದಾಗ, ಧ್ವನಿಮುದ್ರಣ ಶಾಲೆಗಳಲ್ಲಿ ಹೆಂಗಸರನ್ನು ತೆಗೆದುಕೊಳ್ಳುವ ಪದ್ಧತಿಯಿಲ್ಲ ಎಂಬ ಉತ್ತರ ಬಂದಿತು. ಜಿನೀವಾದಲ್ಲಿ ರಾಜತಾಂತ್ರಿಕರ ಮಕ್ಕಳಿಗೆ ಪಾಠ, ಕವೆಂಟ್ರಿಯ ಒಂದು ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ, ಲಂಡನ್ನಿನಲ್ಲಿ ಸಂಗೀತ ಪ್ರಕಾಶಕರ ಕಚೇರಿಯಲ್ಲಿ ಕೆಲವು ತಿಂಗಳು. ಹೀಗೆ ಸುತ್ತಿ, 1960ರ ನವೆಂಬರಿನಲ್ಲಿ ಬಿ.ಬಿ.ಸಿ.ಯಲ್ಲಿ ಸ್ಟುಡಿಯೋ ಸಹಾಯಕಿಯಾಗಿ ತರಬೇತಿಗೆ ಸೇರಿದರು. 1962ರಲ್ಲಿ ತಾವೇ ಬಯಸಿ ರೇಡಿಯೋಫಾನಿಕ್ ವರ್ಕ್‌ಷಾಪಿಗೆ ಹೋದರು.

ಈ ವರ್ಕ್‌ಷಾಪನ್ನು ಕುರಿತು ನಾಲ್ಕು ಮಾತು ಹೇಳದೆ ಮುಂದಕ್ಕೆ ಹೋಗಲಾಗದು. ಲಂಡನ್ನಿನ ಮೈಡಾ ವೇಲ್ ಬಡಾವಣೆಯಲ್ಲಿ, ಹಿಂದೆ ಜನ ಚಕ್ರದ ಪಾದರಕ್ಷೆ ಕಟ್ಟಿಕೊಂಡು ಜಾರುತ್ತಿದ್ದ ಒಂದು ವಿಶಾಲ ಕಟ್ಟಡವಿತ್ತು. ಅದನ್ನು ಬಿ.ಬಿ.ಸಿ. ಸ್ಟುಡಿಯೋಗಳನ್ನಾಗಿ ಮಾಡಿಕೊಂಡಿತ್ತು. 1958ರಲ್ಲಿ ಡ್ಯಾಫ್ನೆ ಓರಂ ಮತ್ತು ಡೆಸ್ಮಂಡ್ ಬ್ರಿಸ್ಕೊ ಎಂಬವರ ಒತ್ತಾಯದಿಂದ ಅಲ್ಲಿಯ ಒಂದು ಮೂಲೆಯಲ್ಲಿ ಈ ವರ್ಕ್‌ಷಾಪು ಹುಟ್ಟಿತು. ಅದೇ ದಶಕದಲ್ಲಿ ಯೂರೋಪಿನ ಬೇರೆ ಕಡೆಗಳಲ್ಲಿಯೂ ಇಂಥ ಶೋಧನೆ ನಡೆದಿತ್ತು. ಜರ್ಮನಿಯ ಕೊಲೋನಿನಲ್ಲಿ ಸ್ಟಾಕ್‌ಹೌಸೆನ್ 1956ರಲ್ಲಿ ಒಬ್ಬ ಬಾಲಕನ ದನಿಯನ್ನು ವಿದ್ಯುನ್ನಾದದೊಡನೆ ಬೆರಸಿದ್ದ. ಇಟಲಿಯ ಮಿಲಾನಿನಲ್ಲಿ ಬೇರಿಯೊ 1958ರಲ್ಲಿ ಜೇಮ್ಸ್ ಜಾಯ್ಸನ ಗದ್ಯವನ್ನು ಕ್ಯಾಥಿ ಬರ್ಬೇರಿಯನ್ ಎಂಬ ಗಾಯಕಿಯಿಂದ ಓದಿಸಿ, ಆ ಓದನ್ನೇ ಚೂರು ಚೂರು ಮಾಡಿ ಸಂಗೀತ ಕಟ್ಟಿದ್ದ. ಆದರೆ ಅಲ್ಲಿ ಅವರು ಸಂಗೀತಕರ್ತೃಗಳೆಂದೇ ಮಾನ್ಯರಾದರು. ಲಂಡನ್ನಿನ ವರ್ಕ್‌ಷಾಪು ಮಾತ್ರ ಸೇವಾ ವಿಭಾಗ. ನಾಟಕಕ್ಕೆ, ಶಾಲಾ ಪಾಠಕ್ಕೆ, ಪ್ರಾಣಿಗಳ ಚಿತ್ರಕ್ಕೆ ಬೇಕಾದ ಸದ್ದನ್ನು ಹೊತ್ತಿಗೆ ಸರಿಯಾಗಿ ಒದಗಿಸುವುದು ಅದರ ಕರ್ತವ್ಯ. ಅಲ್ಲಿ ಕೆಲಸ ಮಾಡಿದವರ ಹೆಸರನ್ನು ಸಾಮಾನ್ಯವಾಗಿ ಹೇಳುತ್ತಿರಲಿಲ್ಲ. ಈ ನಿಯಮದಲ್ಲಿ ದ್ವೇಷವೇನೂ ಇರಲಿಲ್ಲ. ಕಚೇರಿಯ ನಿಯಮಗಳಲ್ಲಿ ಇರುವುದು ಬಹುಮಟ್ಟಿಗೆ ಉದಾಸೀನ.

ಇಂದು ಒಂದು ಗುಂಡಿ ಒತ್ತಿದರೆ ಸಾವಿರ ಬಗೆಯ ನಾದ ಹೊರಡುತ್ತದೆ. ಅಂದು ಇದ್ದದ್ದು ಟೇಪು, ಅದನ್ನು ಕತ್ತರಿಸುವ ಬ್ಲೇಡು, ಅಂಟುಪಟ್ಟಿ, ಮತ್ತು ಪರೀಕ್ಷಾಗಾರಗಳಲ್ಲಿ ಉಪಯೋಗಿಸುವ ಆಂದೋಲಕಗಳು. ಟೇಪಿನ ಮೇಲೆ ನಾದಕ್ಕೆ ಉದ್ದವುಂಟು. ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರ ಏಳೂವರೆ ಅಂಗುಲ. ಅದನ್ನು ಇಮ್ಮಡಿ ವೇಗದಲ್ಲಿ ಓಡಿಸಿದರೆ ಸ್ವರ ಒಂದು ಸ್ಥಾಯಿ ಮೇಲಕ್ಕೇರುತ್ತದೆ. ಅರ್ಧ ವೇಗದಲ್ಲಿ ಓಡಿಸಿದರೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ತಾಳವೆಂದರೆ ಇಲ್ಲಿ ಅಳತೆಪಟ್ಟಿ. ಗಣಿತ ಓದಿದ ಡೀಲಿಯಾ ಲಾಗರಿದಮ್ ಕೋಷ್ಟಕದ ಪುಸ್ತಕವನ್ನು ಮಗ್ಗುಲಲ್ಲಿಟ್ಟುಕೊಂಡು ಕುಳಿತುಕೊಳ್ಳುತ್ತಿದ್ದರು. ಅವರ ಕೈಯಲ್ಲಿ ಲೆಕ್ಕವೂ ಶ್ರುತಿಯೂ ಒಂದೇ ಆದುವು.

ಜನರು ಅವರನ್ನು ಬಲ್ಲುದು 'ಡಾಕ್ಟರ್ ಹೂ' ಎಂಬ ದೂರದರ್ಶನ ಧಾರಾವಾಹಿಯ ಆರಂಭಸಂಗೀತದಿಂದ. 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನೆಡಿಯ ಕೊಲೆಯಾದ ಮಾರನೆಯ ದಿನ, ಅದು ಮೊದಲ ಬಾರಿಗೆ ಪ್ರಸಾರವಾಯಿತು. ರಾನ್ ಗ್ರೇನರ್ ಎಂಬ ಸಂಗೀತಗಾರ ಬರೆದುಕೊಟ್ಟದ್ದು ಒಂದು ಹಾಳೆಯಷ್ಟು ರಾಗ. ಅದರ ಮೇಲೆ ಮೋಡ, ಗಾಳಿ ಎಂಬಂಥ ಸೂಚನೆಗಳಿದ್ದುವು. ಡೀಲಿಯಾ ಒಂದೇ ಒಂದು ತಂತಿಯ ಮೀಟನ್ನು ಮುದ್ರಿಸಿಕೊಂಡು, ಅದನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ, ತುಂಡು ತುಂಡಾಗಿ ಕತ್ತರಿಸಿ ಜೋಡಿಸಿ ಕೆಳಶ್ರುತಿಯ ಓಟವನ್ನು ಕಟ್ಟಿದರು. ಮೇಲಣ ರಾಗ ಆಂದೋಲಕಗಳಿಂದ ಬಂದುದು. ಹಲವು ಪದರಗಳನ್ನು ಒಂದೇ ಟೇಪಿನಲ್ಲಿ ಮುದ್ರಿಸುವ ಯಂತ್ರ ಅಲ್ಲಿರಲಿಲ್ಲ. ಬೇರೆ ಬೇರೆ ಯಂತ್ರಗಳ ಟೇಪುಗಳನ್ನು ಏಕಕಾಲಕ್ಕೆ ಚಾಲೂ ಮಾಡಿ ಕೂಡಿಸಬೇಕು. ಎಲ್ಲೋ ಒಂದು ಸ್ವರ ತಪ್ಪಿದಾಗ, ಡೀಲಿಯಾ ಮತ್ತು ಅವರ ಜೊತೆಗಾರ ಡಿಕ್ ಮಿಲ್ಸ್ ಟೇಪುಗಳನ್ನೆಲ್ಲ ಉದ್ದನೆಯ ಮೊಗಸಾಲೆಯಲ್ಲಿ ಪಕ್ಕಪಕ್ಕಕ್ಕೆ ಬಿಚ್ಚಿ ಹಾಸಿ, ಯಾವ ಜೋಡಣೆ ಸಾಲಿನಲ್ಲಿಲ್ಲವೆಂದು ಕಣ್ಣಿನಿಂದ ಹುಡುಕಿದರಂತೆ. ಕೇಳಿದ ಗ್ರೇನರ್ ಬೆರಗಾದ. ಇದು ನಾನು ಬರೆದದ್ದೇ ಎಂಬ ಅನುಮಾನ ಅವನಿಗೇ ಬಂದಿತು. ಅವನು ಉದಾರಿ, ಬರುವ ಹಣದಲ್ಲಿ ಆಕೆಗೂ ಪಾಲು ಸಲ್ಲಬೇಕೆಂದು ಕೇಳಿದ. ಸಂಸ್ಥೆಯ ನಿಯಮ ಒಪ್ಪಲಿಲ್ಲ. ಸಂಬಳದ ನೌಕರರಿಗೆ ಕರ್ತೃತ್ವವಿಲ್ಲ.

ಆದರೆ ನನಗೆ ಮುಖ್ಯವಾಗಿ ಕಾಣುವುದು ಬರ್ಮಾಂಜನೊಡನೆ ಅವರು ಮಾಡಿದ ನಾಲ್ಕು ಕೃತಿಗಳು. ಇವನ್ನು 'ರೇಡಿಯೋಗಾಗಿ ಆವಿಷ್ಕಾರಗಳು' ಎಂದು ಕರೆದರು. 'ಕನಸುಗಳು' ಮೊದಲನೆಯದು, ದೇವರ ಮೇಲಣ ಪ್ರೀತಿಯನ್ನು ಕುರಿತ 'ಅಮೋರ್ ದೇಯಿ' ಅದೇ 1964ರ ಕೊನೆಗೆ ಬಂದಿತು, 1965ರಲ್ಲಿ ಮರಣಾನಂತರದ ಬಾಳನ್ನು ಕುರಿತದ್ದೊಂದು, ಮುಪ್ಪನ್ನು ಕುರಿತದ್ದೊಂದು. ಕನಸು, ದೇವರು, ಸಾವು, ಮುಪ್ಪು: ಕಾವ್ಯದ ಹಳೆಯ ವಸ್ತುಗಳೇ ಸರಿ. ಬರ್ಮಾಂಜ್ ಧ್ವನಿಯಂತ್ರವನ್ನು ಹಿಡಿದು ಜನರ ಬಳಿ ಹೋಗಿ ಅವರನ್ನು ಮಾತಾಡಿಸಿ ತಂದ. ಪಂಡಿತರನ್ನಲ್ಲ, ವಾಗ್ಮಿಗಳನ್ನಲ್ಲ, ತಡವರಿಸುವ, ನಡುವೆ ನಿಲ್ಲುವ, ಹೇಳಿದ್ದನ್ನೇ ಹೇಳುವ ಜನರನ್ನು. ಆ ಮಾತುಗಳ ರಾಶಿಯಿಂದ ಒಂದೊಂದು ನುಡಿಯನ್ನು ಆಯ್ದು, ಆವರ್ತನೆಗೊಳಿಸಿ, ಛಂದಸ್ಸಿಗೆ ಹತ್ತಿರವಾದ ಒಂದು ನಡಿಗೆಯನ್ನು ತಂದರು. ಇದನ್ನು ಕಾವ್ಯವೆಂದು ಕರೆಯಬಹುದೇ ಎಂದು ಕೇಳುವವರುಂಟು. ಕರೆಯಬಹುದೆಂದೇ ನನ್ನ ಎಣಿಕೆ. ಅರ್ಥವನ್ನು ಒಮ್ಮೆಗೇ ಕೊಟ್ಟು ಮುಗಿಸದೆ, ಮರಳಿ ಮರಳಿ ಬರುವ ನುಡಿಯಲ್ಲಿ ಅದನ್ನು ಹಿಗ್ಗಿಸುತ್ತ ಹೋಗುವುದು ಕಾವ್ಯದ ಕೆಲಸವಲ್ಲದೆ ಮತ್ತೇನು?

'ಕನಸುಗಳು' ಐದು ಭಾಗಗಳ ಕೃತಿ. ಓಡುವ ಕನಸು, ಬೀಳುವ ಕನಸು, ನೆಲದ ಕನಸು, ನೀರಿನ ಕನಸು, ಕೊನೆಗೆ ಬಣ್ಣದ ಕನಸು. ಇಂದು ಅದರ ಧ್ವನಿಮುದ್ರಣ ಆಸಕ್ತರಿಗೆ ಸುಲಭವಾಗಿ ಸಿಕ್ಕುತ್ತದೆ. ನಾನು ಅದನ್ನು ಹಲವು ಬಾರಿ ಕೇಳಿದ್ದೇನೆ, ರಾತ್ರಿಯ ಹೊತ್ತು ಒಬ್ಬನೇ ಕೇಳುವುದು ಅಷ್ಟು ಹಿತವಲ್ಲ. ಮೊದಲ ಭಾಗದಲ್ಲಿ ಯಾರೋ ಬೆನ್ನಟ್ಟಿದ್ದಾರೆ. ಓಡುವವರ ಕಾಲು ಏಳುತ್ತಿಲ್ಲ. ಇಂಥ ಕಡೆ ಸಾಧಾರಣ ಸಂಗೀತಗಾರನಾಗಿದ್ದರೆ ಓಟದ ಲಯವನ್ನು ಜೋರಾಗಿ ಬಾರಿಸಿ ಮಾತನ್ನು ಮುಳುಗಿಸುತ್ತಿದ್ದ. ಡೀಲಿಯಾ ಹಾಗೆ ಮಾಡುವುದಿಲ್ಲ. ನಾದ ಮಾತಿಗೆ ವ್ಯಾಖ್ಯಾನ ಬರೆಯುವುದಿಲ್ಲ. ಮಾತಿನ ಕೆಳಗೆ, ಎದೆಬಡಿತದ ದೂರದಲ್ಲಿ ನಿಂತು, ಹೇಳುವವನು ಅಡಗಿಸಲು ಹವಣಿಸುತ್ತಿರುವ ದಿಗಿಲನ್ನು ಹಿಡಿದಿರುತ್ತದೆ. ಹೇಳುವವರ ದನಿಯಾದರೋ ಶಾಂತ, ನಿನ್ನೆಯ ಪೇಟೆಯ ಸಮಾಚಾರ ಹೇಳುವಂತೆ. ದನಿಯ ಶಾಂತಿಗೂ ನಾದದ ಅಶಾಂತಿಗೂ ನಡುವೆ ಬಿಟ್ಟ ಬಿರುಕಿನಲ್ಲಿ ಕನಸು ಕಾಣಿಸಿಕೊಳ್ಳುತ್ತದೆ. ನಮ್ಮ ಗಮಕದಲ್ಲಿ ರಾಗವು ಪದ್ಯವನ್ನು ಹೊತ್ತು ನಡೆಯುತ್ತದೆ. ಇಲ್ಲಿ ನಾದ ಹೊರುವುದಿಲ್ಲ, ಜೊತೆಗಿರುತ್ತದೆ. ಮಾತು ಮುಗಿದು ಅದೊಂದೇ ಉಳಿದಾಗಲೇ ಇದುವರೆಗೂ ಅದು ಅಲ್ಲಿತ್ತೆಂಬ ಅರಿವು ನಮಗಾಗುತ್ತದೆ.

'ಅಮೋರ್ ದೇಯಿ'ಯ ಸಂಗೀತ ಹೇಗಿರಬೇಕೆಂದು ಬರ್ಮಾಂಜ್ ಸ್ವರಗಳಲ್ಲಿ ಹೇಳಲಾರದೆ ಹೋದ. ಗಾಥಿಕ್ ದೇವಾಲಯದ ಪೂಜಾಪೀಠದ ಹಿಂದಣ ಚಿತ್ರಫಲಕದಂತೆ ನಾದವಿರಬೇಕೆಂದು ಹೇಳಿ, ಒಂದು ಫಲಕದ ರೇಖಾಚಿತ್ರವನ್ನು ಬರೆದು ಆಕೆಯ ಕೈಗೆ ಕೊಟ್ಟನಂತೆ. ಬೇರೊಬ್ಬರಾದರೆ ನಕ್ಕುಬಿಡುತ್ತಿದ್ದರು. ಮಧ್ಯಯುಗದ ಸಂಗೀತವನ್ನು ಓದಿದ್ದ ಈಕೆಗೆ ಆ ರೇಖೆಗಳು ಅರ್ಥವಾದುವು. ಬಾಂಬಿಗೆ ತುತ್ತಾದ ದೇವಾಲಯದ ಊರಿನಲ್ಲಿ ಹುಟ್ಟಿದವರಿಗೆ ಅವು ಎಷ್ಟು ಅರ್ಥವಾದುವೆಂದು ಯೋಚಿಸಿದಾಗ ನನ್ನ ಮನಸ್ಸು ಒಮ್ಮೆ ತಡೆದು ನಿಲ್ಲುತ್ತದೆ. ದೇವರಿದ್ದಾನೆಂದು ನಂಬಿದವರು, ನಂಬಲಾಗದವರು, ಇಬ್ಬರ ಮಾತೂ ಈ ಕೃತಿಯಲ್ಲಿದೆ. ನಾದ ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಇಲ್ಲಿ ಕರ್ತೃತ್ವದ ಗಂಟು ಇನ್ನೂ ಬಿಗಿಯಾಗುತ್ತದೆ. ಕನಸು ಕಂಡವರು ಹೆಸರಿಲ್ಲದ ಜನ. ಅವರನ್ನು ಮಾತಾಡಿಸಿದವನು ಬರ್ಮಾಂಜ್. ನಾದವನ್ನು ಕೊಟ್ಟದ್ದಲ್ಲದೆ, ಆ ಮಾತುಗಳನ್ನು ಟೇಪಿನ ಮೇಲೆ ಕತ್ತರಿಸಿ ಜೋಡಿಸುವುದರಲ್ಲಿಯೂ ಕೈಗೂಡಿಸಿದವರು ಡೀಲಿಯಾ. ಈ ಮೂವರಲ್ಲಿ ಒಬ್ಬನಿಗೆ ಮಾತ್ರ ಹೆಸರು ಸಂದಿತು. ಬರ್ಮಾಂಜನನ್ನು ಹಳಿಯಲು ನಾನು ಸಿದ್ಧನಿಲ್ಲ. ಅವನ ಕಲ್ಪನೆಯಿಲ್ಲದೆ ಈ ಕೃತಿಗಳು ಹುಟ್ಟುತ್ತಿರಲಿಲ್ಲ. ಆದರೆ ಕಿವಿಯಿದ್ದವರು ಕೇಳಿ ನೋಡಲಿ. ಮಾತುಗಳನ್ನು ಹಾಳೆಯ ಮೇಲೆ ಬರೆದರೆ ಅರ್ಧ ಕೃತಿಯೂ ಉಳಿಯುವುದಿಲ್ಲ.

ಮಾನವ ಕಂಠದ ಮೇಲೆ ಅವರಿಗಿದ್ದ ಮೋಹ ಬೇರೆ ಕೃತಿಗಳಲ್ಲಿಯೂ ಕಾಣುತ್ತದೆ. ಸಹರಾ ಮರುಭೂಮಿಯ ತುವಾರೆಗ್ ಜನರನ್ನು ಕುರಿತ ಒಂದು ಚಿತ್ರಕ್ಕೆ 1967ರಲ್ಲಿ ಅವರು ನಾದ ಕಟ್ಟಿದರು. ವರ್ಕ್‌ಷಾಪಿನಲ್ಲಿ ಹಸಿರು ಬಣ್ಣದ ಒಂದು ಲೋಹದ ದೀಪದ ಬುರುಡೆಯಿತ್ತು. ತಟ್ಟಿದರೆ ಗಂಟೆಯಂತೆ ಮಿಡಿಯುತ್ತಿತ್ತು. ಅವರು ಆ ನಾದದಿಂದ ತಟ್ಟಿದ ಮೊದಲ ಕ್ಷಣವನ್ನು ಕತ್ತರಿಸಿ ತೆಗೆದರು, ಉಳಿದ ಅನುರಣನವನ್ನು ಪರಿಶೀಲಿಸಿ ಅದರಲ್ಲಿ ಯಾವ ಯಾವ ಶ್ರುತಿಗಳಿವೆಯೆಂದು ಕಂಡು, ಆಂದೋಲಕಗಳಿಂದ ಮತ್ತೆ ಅದನ್ನು ನಿರ್ಮಿಸಿದರು. ಒಂಟೆಗಳ ಗೊರಸಿನ ಸಪ್ಪಳಕ್ಕೆ ತಮ್ಮದೇ ಕಂಠವನ್ನು ತುಂಡರಿಸಿ ಬಳಸಿಕೊಂಡರು. ಬಿಸಿಲಿನಲ್ಲಿ ಕರಗುತ್ತ ಸಾಗುವ ಒಂಟೆಯ ಸಾಲು ಕಣ್ಣಿಗೆ ಕಟ್ಟುತ್ತದೆ. ಅದು ಒಂದು ಬುರುಡೆ ಮತ್ತು ಒಂದು ಹೆಣ್ಣು ದನಿ ಎಂದು ಯಾರೂ ಊಹಿಸಲಾರರು.

ಸಂಸ್ಥೆಯ ಹೊರಗೆ ತಮ್ಮ ಹೆಸರಿನಲ್ಲಿ ಕೆಲಸ ಮಾಡುವ ಹಂಬಲ ಸಹಜವಾಗಿಯೇ ಹುಟ್ಟಿತು. 1966ರಲ್ಲಿ ಬ್ರಯನ್ ಹಾಡ್ಜ್‌ಸನ್ ಮತ್ತು ಪೀಟರ್ ಜಿನೋವಿಯೆಫ್ ಅವರೊಡನೆ ಸೇರಿ ಒಂದು ಕೂಟವನ್ನು ಕಟ್ಟಿದರು. ಬಹಳ ದಿನ ಬಾಳಲಿಲ್ಲ. ತರುವಾಯ ಡೇವಿಡ್ ವೋರ್‌ಹೌಸ್ ಎಂಬ ತರುಣನೊಡನೆ ಕೂಡಿ 'ವೈಟ್ ನಾಯ್ಸ್' ಎಂಬ ಹೆಸರಿನಲ್ಲಿ ಮಾಡಿದ ಗಾನಮುದ್ರಿಕೆ 1969ರಲ್ಲಿ ಹೊರಬಂದಿತು. ಹಾಡು, ಮಾತು, ನಗೆ, ಚೀತ್ಕಾರ, ಯಂತ್ರನಾದಗಳೆಲ್ಲ ಅದರಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಮೊದಮೊದಲು ಕೊಳ್ಳುವವರಿಲ್ಲದೆ ಬಿದ್ದಿದ್ದ ಆ ಮುದ್ರಿಕೆಗೆ ಮುಂದಿನ ತಲೆಮಾರಿನ ಸಂಗೀತಗಾರರಲ್ಲಿ ದೊಡ್ಡ ಗೌರವ ಬೆಳೆಯಿತು. ನನ್ನ ಮಟ್ಟಿಗೆ ಅದರಲ್ಲಿ ಚಮತ್ಕಾರ ಹೆಚ್ಚು, 'ಕನಸುಗಳ' ಸಂಯಮ ಕಡಿಮೆ.

1970ರ ಸುಮಾರಿಗೆ ವರ್ಕ್‌ಷಾಪಿಗೆ ಸಿಂಥಸೈಜರ್ ಯಂತ್ರಗಳು ಬಂದುವು. ಕೀಲಿಮಣೆ ಒತ್ತಿದರೆ ಸಿದ್ಧನಾದ. ಅಂಗುಲ ಅಂಗುಲವಾಗಿ ನಾದವನ್ನು ಕೆತ್ತುತ್ತಿದ್ದ ಕೈಗೆ ಅದು ಒಗ್ಗಲಿಲ್ಲ. ಕೆಲಸದ ಒತ್ತಡ ಹೆಚ್ಚಿತು, ಮನಸ್ಸು ಬೇಸತ್ತಿತು. ಹನ್ನೊಂದು ವರ್ಷಗಳಲ್ಲಿ ಸುಮಾರು 200 ಕಾರ್ಯಕ್ರಮಗಳಿಗೆ ನಾದ ಒದಗಿಸಿದ ಮೇಲೆ, 1973ರಲ್ಲಿ ಬಿ.ಬಿ.ಸಿ.ಯನ್ನು ಬಿಟ್ಟರು. ಸ್ವಲ್ಪ ಕಾಲದಲ್ಲೇ ಸಂಗೀತದ ವೃತ್ತಿಯನ್ನೂ ಬಿಟ್ಟರು. ಇಂಗ್ಲೆಂಡಿನ ಉತ್ತರದ ಕಂಬ್ರಿಯಾ ಪ್ರಾಂತದಲ್ಲಿ ಅನಿಲದ ಕೊಳವೆ ಹಾಕುವ ಕಂಪನಿಯೊಂದಕ್ಕೆ ರೇಡಿಯೋ ಸಂದೇಶಗಳನ್ನು ಕಳುಹಿಸುವ ಕೆಲಸಕ್ಕೆ ಸೇರಿದರು. ದೇಶದ ಕಿವಿಗೆ ಹೊಸ ನಾದ ಉಣಿಸಿದಾಕೆ ಈಗ ಬೆಟ್ಟದ ತಪ್ಪಲಿನಲ್ಲಿ ಕುಳಿತು ಕೊಳವೆಗಳ ಸುದ್ದಿಯನ್ನು ಬಿತ್ತರಿಸುತ್ತಿದ್ದರು. ಅದಾದಮೇಲೆ, ರೋಮನರ ಕಾಲದ ಹೇಡ್ರಿಯನ್ ಗೋಡೆಯ ಬಳಿ ಲೀ ಯುವಾನ್ ಚಿಯಾ ಎಂಬ ಚೀನೀ ಕಲಾವಿದ ನಡೆಸುತ್ತಿದ್ದ ಕಲಾಮಂದಿರದಲ್ಲಿ ಕೆಲಸ ಮಾಡಿದರು. ಪುಸ್ತಕದ ಅಂಗಡಿಯಲ್ಲಿಯೂ ಇದ್ದರು. 1980ರಲ್ಲಿ ನಾರ್ತಾಂಪ್ಟನ್ ಪಟ್ಟಣಕ್ಕೆ ಬಂದು ನೆಲಸಿದರು. ಕುಡಿತ ಆರೋಗ್ಯವನ್ನು ತಿಂದಿತು. ಇದನ್ನು ಕುರಿತು ಬರೆದವರು ಕೆಲವರು ಕರುಣರಸವನ್ನು ಧಾರಾಳವಾಗಿ ಹರಿಸಿದ್ದಾರೆ. ನಾನು ಅದನ್ನು ಬೆಳೆಸುವುದಿಲ್ಲ.

1990ರ ದಶಕದ ಕೊನೆಗೆ ಕಿರಿಯ ಸಂಗೀತಗಾರರು ಅವರನ್ನು ಹುಡುಕಿಕೊಂಡು ಬಂದರು. ಪೀಟರ್ ಕೆಂಬರ್ ಎಂಬವರೊಡನೆ ಮತ್ತೆ ನಾದದ ಕೆಲಸಕ್ಕೆ ಕೈಹಾಕಿದರು. ಆದರೆ ಕಾಲ ಉಳಿದಿರಲಿಲ್ಲ. 2001ರ ಜುಲೈ 3ರಂದು, 64ನೆಯ ವಯಸ್ಸಿನಲ್ಲಿ, ಮೂತ್ರಪಿಂಡದ ವೈಫಲ್ಯದಿಂದ ತೀರಿಕೊಂಡರು.

ಅವರ ಮನೆಯ ಅಟ್ಟದ ಮೇಲೆ, ಬೆಳಗಿನ ತಿಂಡಿಯ ಧಾನ್ಯ ತುಂಬಿ ಮಾರುವ ಪೆಟ್ಟಿಗೆಗಳಲ್ಲಿ, ಟೇಪಿನ ಸುರುಳಿಗಳು ಸಿಕ್ಕಿದುವು. ಎಣಿಸಿದಾಗ 267. ಹಲವಕ್ಕೆ ಸರಿಯಾದ ಹೆಸರುಪಟ್ಟಿಯೂ ಇರಲಿಲ್ಲ. ಅವು ಇಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ರಕ್ಷಣೆಯಲ್ಲಿವೆ. ವಿದ್ವಾಂಸರು ಅವನ್ನು ಕೇಳಿ, ಯಾವುದು ಯಾವ ಕಾರ್ಯಕ್ರಮದ್ದೆಂದು ಗುರುತಿಸುವ ಕೆಲಸವನ್ನು ಕೈಗೊಂಡರು. ಒಂದು ಸುರುಳಿಯಲ್ಲಿ, 1960ರ ದಶಕದ ಕೊನೆಗೆ ಮಾಡಿದ ಚಿಕ್ಕದೊಂದು ಲಯಪ್ರಯೋಗವಿದೆ. ಮೂವತ್ತು ವರ್ಷಗಳ ಅನಂತರದ ನೃತ್ಯಶಾಲೆಗಳ ಸಂಗೀತ ಎಂದು ಕೇಳಿದವರು ಭ್ರಮಿಸುವಂತಿದೆ ಅದು. ಕವೆಂಟ್ರಿಯ ವಿಶ್ವವಿದ್ಯಾನಿಲಯ 2017ರಲ್ಲಿ ಅವರಿಗೆ ಮರಣೋತ್ತರವಾಗಿ ಗೌರವ ಡಾಕ್ಟರೇಟನ್ನು ಕೊಟ್ಟಿತು. ಆಕೆಯನ್ನು ವಿದ್ಯುನ್ಮಾನ ಸಂಗೀತದ ತಾಯಿ ಎಂದು ಬರೆಯುವ ರೂಢಿಯೂ ಈಗ ಬಂದಿದೆ. ಅದೇ ವರ್ಕ್‌ಷಾಪಿನಲ್ಲಿ ಅವರಿಗಿಂತ ಮೊದಲು ದುಡಿದ ಡ್ಯಾಫ್ನೆ ಓರಂ ಅವರ ಹೆಸರನ್ನು ಆ ಬಿರುದು ನುಂಗಿಬಿಡುತ್ತದೆಯಾದ್ದರಿಂದ ನನಗೆ ಅದು ಹಿಡಿಸುವುದಿಲ್ಲ.

'ಡಾಕ್ಟರ್ ಹೂ' ಧಾರಾವಾಹಿಗೆ ಡೀಲಿಯಾ ಕಟ್ಟಿದ ರೂಪವೇ, ಅಲ್ಲಲ್ಲಿ ಸಣ್ಣ ಮಾರ್ಪಾಡುಗಳೊಡನೆ, 1980ರವರೆಗೆ ಬಳಕೆಯಲ್ಲಿತ್ತು. ಆ ಹದಿನೇಳು ವರ್ಷಗಳಲ್ಲಿ ಪರದೆಯ ಮೇಲೆ ಅವರ ಹೆಸರು ಒಮ್ಮೆಯೂ ಬರಲಿಲ್ಲ. ಧಾರಾವಾಹಿಗೆ 50 ವರ್ಷ ತುಂಬಿದ 2013ರಲ್ಲಿ, ಆ ಸಂದರ್ಭದ ವಿಶೇಷ ಸಂಚಿಕೆಯ ಕೊನೆಯ ನಾಮಾವಳಿಯಲ್ಲಿ, ಗ್ರೇನರನ ಹೆಸರಿನೊಡನೆ ಡೀಲಿಯಾ ಡರ್ಬಿಷೈರ್ ಎಂಬ ಹೆಸರನ್ನೂ ಹಾಕಿದರು.